ಕೋಳಿಯ ಕ್ರಾಪ್ ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ

ನಿಮ್ಮ ಕೋಳಿಯ ಕ್ರಾಪ್, ಅಂದರೆ ನುಂಗಿದ ಮೇವು ಮೊದಲು ಸೇರುವ ಚೀಲ, ಬಹುಶಃ ಕಟ್ಟಿಕೊಂಡಿದೆ. ಬೆಳಿಗ್ಗೆ ಮೇವು ಹಾಕುವ ಮೊದಲೇ ಕತ್ತಿನ ಬುಡದ ಚೀಲ ಚೆಂಡಿನ ಹಾಗೆ ಗಟ್ಟಿಯಾಗಿದೆ, ಏನು ಮಾಡಲಿ ಅಂತ ನೀವು ಬರೆದು ಕೇಳಿದ್ದೀರಿ. ರಾತ್ರಿ ಕಳೆಯುವಷ್ಟರಲ್ಲಿ ಅದು ಖಾಲಿಯಾಗಿರಬೇಕು. ಉದ್ದನೆಯ ಹುಲ್ಲು ಅಥವಾ ನಾರು ಒಳಗೆ ಸುತ್ತಿಕೊಂಡರೆ ಹೀಗಾಗುತ್ತದೆ.

ಮೊದಲು ಆ ಕೋಳಿಯನ್ನು ಬೇರೆ ಇಡಿ. ಒಂದು ದಿನ ಮೇವು ಬೇಡ, ನೀರು ಮಾತ್ರ ಸದಾ ಇರಲಿ. ಕೊಕ್ಕಿನ ಪಕ್ಕದಿಂದ 2-3 ಮಿ.ಲೀ. ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಅದು ನುಂಗುವವರೆಗೂ ಕಾಯಿರಿ, ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗಬಹುದು. ಆಮೇಲೆ ಗಂಟನ್ನು ಬೆರಳುಗಳಿಂದ ಮೆಲ್ಲಗೆ ಸಡಿಲಿಸುವ ಹಾಗೆ ಐದು ನಿಮಿಷ ತಿಕ್ಕಿ. ದಿನಕ್ಕೆ ಮೂರ್ನಾಲ್ಕು ಸಲ ಹೀಗೆ ಮಾಡಿ.

ದಯವಿಟ್ಟು ತಲೆಕೆಳಗೆ ಹಿಡಿದು ವಾಂತಿ ಮಾಡಿಸಬೇಡಿ. ಜಾಸ್ತಿ ಜನ ಇದನ್ನೇ ಹೇಳುತ್ತಾರೆ, ಆದರೆ ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿದರೆ ಕೋಳಿ ಅಲ್ಲೇ ಸಾಯಬಹುದು.

ಒಂದು ಅನುಮಾನ ಉಳಿದಿದೆ. ಬಾಯಿಂದ ಹುಳಿ ವಾಸನೆ ಬರುತ್ತಿದೆಯೇ ಅಂತ ನೀವು ಬರೆದಿಲ್ಲ. ವಾಸನೆ ಇದ್ದು, ಚೀಲ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಎಣ್ಣೆ, ತಿಕ್ಕುವುದು ಸಾಲದು. ಪಶುವೈದ್ಯರು ಕೊಡುವ ಔಷಧಿಯೇ ಬೇಕು.

ಚೀಲ ಸಡಿಲವಾದರೆ ಎರಡು ದಿನ ನೆನೆಸಿದ ಮೆತ್ತನೆ ಮೇವನ್ನೇ ಸ್ವಲ್ಪಸ್ವಲ್ಪ ಕೊಡಿ. ಆಮೇಲೆ ಸಣ್ಣ ಕಲ್ಲುಚೂರು ಕೋಳಿಗೆ ಎಟುಕುವ ಜಾಗದಲ್ಲಿರಲಿ. ನಾಳೆ ಬೆಳಿಗ್ಗೆಯೂ ಗಂಟು ಹಾಗೇ ಇದ್ದರೆ ಸುಮ್ನೆ ಕಾಯಬೇಡಿ, ಪಶುವೈದ್ಯರ ಹತ್ತಿರ ಒಯ್ಯಿರಿ. ಅವರು ಚೀಲ ಕೊಯ್ದು ಒಳಗಿನ ಗಂಟನ್ನು ತೆಗೆಯಬೇಕಾಗಬಹುದು.