ಚಿಕ್ಕವರಿದ್ದಾಗ ಹಿಮ ಅಂದರೆ ಕುಣಿತ, ಈಗ ಯಾಕೆ ಸಾಕಪ್ಪ ಅನ್ನಿಸುತ್ತೆ?

"ಚಿಕ್ಕಂದಿನಲ್ಲಿ ಹಿಮ ಬಿದ್ದರೆ ಕುಣಿದಾಡುತ್ತಿದ್ದೆ. ಈಗ ಚಳಿಗಾಲ ಯಾವಾಗ ಮುಗಿಯುತ್ತೋ ಅಂತ ದಿನ ಎಣಿಸ್ತೀನಿ. ಚಳಿ ಜಾಸ್ತಿ ಆಗಿದೆಯಾ, ಇಲ್ಲ ನನಗೆ ವಯಸ್ಸಾಯ್ತಾ?" ಅಂತ ಕೇಳಿದ್ದೀರಿ. ನಾನೂ ಹಿಮ ಬೀಳುವ ಊರಲ್ಲೇ ಬೆಳೆದು ಅಂಥ ಊರಲ್ಲೇ ಇರುವವನು. ಹಾಗಾಗಿ ಬರೀತಿದ್ದೀನಿ.

ಚಳಿ ಜಾಸ್ತಿ ಆಗಿಲ್ಲ. ಹಿಮ ಬೀಳುವ ಹೆಚ್ಚಿನ ಕಡೆ ಚಳಿಗಾಲ ಹಿಂದಿಗಿಂತ ಬೆಚ್ಚಗೇ ಆಗಿದೆ. ವಯಸ್ಸಿನ ಪಾಲು ಸ್ವಲ್ಪ ಇರಬಹುದು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಬೇರೆ. ಆಗ ನಾವು ಹಿಮದಲ್ಲಿ ಓಡುತ್ತಿದ್ದೆವು, ಈಗ ಹಿಮದಲ್ಲಿ ನಿಲ್ಲುತ್ತೇವೆ.

ನಿಜ ಹೇಳಬೇಕೆಂದರೆ ಚಳಿ ಹೆಚ್ಚು ತಾಗಬೇಕಾದ್ದು ಮಕ್ಕಳಿಗೇ. ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಅದಕ್ಕೇ ಮೈಯ ಬಿಸಿ ಬೇಗ ಆರಿಹೋಗುತ್ತದೆ. ಆದರೂ ನಮಗೆ ಚಳಿಯೇ ಗೊತ್ತಾಗುತ್ತಿರಲಿಲ್ಲ ಅಲ್ವಾ? ದಿಬ್ಬದಿಂದ ಜಾರಿ ಇಳಿಯುವುದು ಅರೆನಿಮಿಷದ ಕೆಲಸ. ಜಾರುಬಂಡಿ ಎಳೆದುಕೊಂಡು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಏದುಸಿರು. ಆ ಹತ್ತುವ ಕೆಲಸವೇ ಮೈ ಬೆಚ್ಚಗಿಡುತ್ತಿತ್ತು. ಈಗ ನಮ್ಮ ಪಾಲಿಗೆ ಬಂದಿರುವುದು ಬಸ್ಸಿಗೆ ಕಾಯುವುದು, ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವುದು. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ, ಬಯಲಾಗಿರುವ ಮುಖಕ್ಕೆ ಅದು ಸುಮಾರು ಮೈನಸ್ 20ರ ಹಾಗೆ ತಾಗುತ್ತದೆ. ನಿಂತವರಿಗೆ ಅದು ಸೀದಾ ಮೂಳೆಗೇ ಇಳಿಯುತ್ತದೆ.

ಇನ್ನೊಂದು, ನಮ್ಮ ನೆನಪು ಅಷ್ಟೇನೂ ಪ್ರಾಮಾಣಿಕ ಅಲ್ಲ. ಆಟ ಮುಗಿಸಿ ಒಳಗೆ ಬಂದಾಗಿನ ಕಥೆ ನೆನಪಿದೆಯಾ? ಉಣ್ಣೆಯ ಕೈಗವಸಿನ ತುಂಬ ಹಿಮದ ಸಣ್ಣ ಸಣ್ಣ ಗಂಟುಗಳು. ಬೆರಳು ಮರಗಟ್ಟಿರುತ್ತಿದ್ದರಿಂದ ಅದನ್ನು ಹಲ್ಲಿನಿಂದ ಕಚ್ಚಿ ಎಳೆಯಬೇಕು, ಬಾಯಲ್ಲೆಲ್ಲ ಒದ್ದೆ ಉಣ್ಣೆಯ ರುಚಿ. ಕೋಟಿನ ಗುಂಡಿ ಬಿಚ್ಚಲು ಬರುತ್ತಿರಲಿಲ್ಲ. ಅಮ್ಮ ಬೂಟು ಎಳೆದರೆ ಕಾಲುಚೀಲವೂ ಅರ್ಧ ಅದರ ಜೊತೆಗೇ ಹೋಗುತ್ತಿತ್ತು. ನಿಜವಾದ ನೋವು ಶುರುವಾಗುತ್ತಿದ್ದುದು ಆಮೇಲೆ. ಚಳಿಗೆ ಕುಗ್ಗಿದ್ದ ರಕ್ತನಾಳಗಳು ಬಿಚ್ಚಿಕೊಂಡು ರಕ್ತ ವಾಪಸ್ ನುಗ್ಗುವಾಗ ಬೆರಳೆಲ್ಲ ಉರಿ, ಜುಮು ಜುಮು. ನಾನಂತೂ ಕೂತು ಅಳುತ್ತಿದ್ದೆ. ಆ ಅಳು ಹೇಗೋ ಮರೆತುಹೋಗಿದೆ, ದಿಬ್ಬ ಮಾತ್ರ ಚೆನ್ನಾಗಿ ನೆನಪಿದೆ. ಶಾಲೆಗೆ ರಜೆ ಕೊಟ್ಟ ದಿನ ನೆನಪಿದೆ, ಫೆಬ್ರವರಿಯ ಕೊಳಕು ಕೆಸರು ಯಾರಿಗೂ ನೆನಪಿಲ್ಲ. "ಆಗೆಲ್ಲ ಸೊಂಟದವರೆಗೆ ಬೀಳ್ತಿತ್ತು" ಅಂತಾರಲ್ಲ, ಆಗ ಸೊಂಟ ಎಷ್ಟು ಎತ್ತರದಲ್ಲಿತ್ತು ಅಂತ ಸ್ವಲ್ಪ ಯೋಚಿಸಿ!

ದೊಡ್ಡವರಾದ ಮೇಲೆ ನನಗೆ ತಮಾಷೆ ಅನ್ನಿಸಿದ ವಿಷಯ ಒಂದಿದೆ. ಮಕ್ಕಳಿಗೆ ಇಷ್ಟವಾಗುವ ಹಿಮ ಮತ್ತು ದೊಡ್ಡವರಿಗೆ ಬೇಕಾದ ಹಿಮ ಎರಡೂ ಬೇರೆ ಬೇರೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಹಿಮದಲ್ಲಿ ಸ್ವಲ್ಪ ನೀರಿರುತ್ತದೆ. ಒತ್ತಿದರೆ ಅಂಟಿಕೊಳ್ಳುತ್ತದೆ, ಉಂಡೆ ಕಟ್ಟಬಹುದು, ಉರುಳಿಸಿದರೆ ಗೊಂಬೆ ಆಗುತ್ತದೆ. ಮೈನಸ್ 15ರಲ್ಲಿ ಬೀಳುವುದು ಬರೀ ಪುಡಿ, ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ಕಾಲಿಟ್ಟರೆ ಕಿರ್ ಕಿರ್ ಅನ್ನುತ್ತದೆ. ಮಕ್ಕಳಿಗೆ ನಿರಾಸೆ. ಆದರೆ ಸಲಿಕೆ ಹಿಡಿದವರಿಗೆ ಆ ಪುಡಿಯೇ ಪುಣ್ಯ. ಅದರಲ್ಲಿ ಬಹುಪಾಲು ಬರೀ ಗಾಳಿ, ಒಂದು ಘನ ಮೀಟರ್ 100 ಕಿಲೋ ಕೂಡ ತೂಗದೆ ಇರಬಹುದು. ಒದ್ದೆ ಹಿಮ ಅದರ ಎರಡು ಮೂರು ಪಟ್ಟು ಸುಲಭವಾಗಿ ತೂಗುತ್ತದೆ. ಅಂದರೆ ಮಕ್ಕಳು ಕೇಕೆ ಹಾಕುವ ದಿನವೇ ಅಪ್ಪನ ಬೆನ್ನು ಹಿಡಿದುಕೊಳ್ಳುತ್ತಿತ್ತು. ನನ್ನಪ್ಪ ಕಿಟಕಿಯಿಂದ ಹೊರಗೆ ನೋಡಿ ಯಾಕೆ ನಿಟ್ಟುಸಿರು ಬಿಡುತ್ತಿದ್ದರು ಅಂತ ಈಗ ಗೊತ್ತಾಗುತ್ತೆ.

ಸಲಿಕೆ ವಿಷಯ ಹುಷಾರು. ಚಳಿಗೆ ರಕ್ತನಾಳ ಕುಗ್ಗಿರುತ್ತವೆ, ಭಾರ ಎತ್ತುವಾಗ ಉಸಿರು ಕಟ್ಟುತ್ತೇವೆ, ರಕ್ತದೊತ್ತಡ ತಟ್ಟನೆ ಏರುತ್ತದೆ. ಹಿಮ ತೆಗೆಯುವಾಗ ಹೃದಯಾಘಾತ ಆಗುವುದು ಸುಮ್ನೆ ಹೆದರಿಸುವ ಮಾತಲ್ಲ. ಹೃದಯದ ತೊಂದರೆ ಇರುವವರು ಆ ಕೆಲಸ ಬೇರೆಯವರಿಗೆ ಬಿಡಿ. ಉಳಿದವರು ಎತ್ತುವ ಬದಲು ತಳ್ಳಿ. ಪೂರ್ತಿ ಬಿದ್ದು ಮುಗಿಯಲಿ ಅಂತ ಕಾಯದೆ ನಡುನಡುವೆ ಸ್ವಲ್ಪ ಸ್ವಲ್ಪ ತೆಗೆಯಿರಿ.

ಬಟ್ಟೆ ಬಗ್ಗೆ ನಿಮಗೇ ಗೊತ್ತಿರುತ್ತೆ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ. ನಾಲ್ಕೂ ಬೆರಳು ಒಟ್ಟಿಗೆ ಇರುವ ಮಕ್ಕಳ ಥರದ ಕೈಗವಸೇ ಬೆಚ್ಚಗೆ. ಮೊಬೈಲ್ ಒತ್ತಬೇಕು ಅಂತ ಐದು ಬೆರಳಿನದು ಹಾಕ್ಕೊಂಡು ಒದ್ದಾಡ್ತೀವಿ ಅಷ್ಟೇ. ಬಿಗಿ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಆದರೆ ನನಗೆ ಚಳಿಗಿಂತ ಕಷ್ಟ ಅನ್ನಿಸುವುದು ಕತ್ತಲೆ. ಚಿಕ್ಕವರಿದ್ದಾಗ ನಟ್ಟನಡು ಮಧ್ಯಾಹ್ನ ಹೊರಗಿರುತ್ತಿದ್ದೆವು. ಈಗ ಕತ್ತಲಲ್ಲಿ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆಗೆ ಬರುತ್ತೇವೆ. ಪ್ರತಿ ಚಳಿಗಾಲ ಮನಸ್ಸು ಕುಗ್ಗುವುದು, ಎಷ್ಟು ಮಲಗಿದರೂ ಸಾಲದು ಅನ್ನಿಸುವುದು, ಇವೆಲ್ಲ ಸೋಮಾರಿತನ ಅಲ್ಲ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಿದ್ದ ವೈದ್ಯರು 1984ರಲ್ಲೇ ಇದನ್ನು ಒಂದು ಕಾಯಿಲೆ ಅಂತ ಗುರುತಿಸಿ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರು ಕೊಟ್ಟರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ತಪ್ಪದೆ ಒಂದು ಸುತ್ತು ನಡೆಯುತ್ತೇನೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ಕ್ಕಿಂತ ಹೆಚ್ಚು ವಾಪಸ್ ಎಸೆಯುತ್ತದೆ, ಹಾಗಾಗಿ ಮೋಡ ಇದ್ದರೂ ಒಳಗಿಗಿಂತ ಎಷ್ಟೋ ಬೆಳಕು ಸಿಗುತ್ತದೆ. ಅಷ್ಟು ಸಾಲದಿದ್ದರೆ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪ ಸಿಗುತ್ತೆ, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ಕಣ್ಣಿನ ತೊಂದರೆಯೋ ಬೈಪೋಲಾರ್ ಅನ್ನುವ ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಯೋ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ದೀಪ ತರುವುದಾದರೆ ಜನವರಿವರೆಗೆ ಕಾಯಬೇಡಿ, ಹಗಲು ಚಿಕ್ಕದಾಗುತ್ತಿರುವಾಗಲೇ ಶುರು ಮಾಡಿ.