ಜನಪದ ಹಾಡು, ಗಾದೆ, ಆಚರಣೆಗಳಲ್ಲಿ ನಿಜವಾಗಿ ಬೇಸಾಯದ ತಿಳಿವಳಿಕೆ ಇದೆಯಾ, ಇಲ್ಲ ಸುಮ್ನೆ ಹೊಗಳ್ತಾರಾ?

ಇದೆ. ಆದರೆ ಬರೀ ಸಾಲು ಓದಿದರೆ ಅರ್ಧ ಕೈಗೆ ಸಿಗುವುದಿಲ್ಲ. ನಾನು ವಿಜಯಪುರದ ಕಡೆಯವನು, ಎರೆಹೊಲದ, ಅಂದರೆ ಕಪ್ಪುಮಣ್ಣಿನ ಹೊಲದ ಮನೆತನ. ನಮ್ಮಲ್ಲಿ ಕಂಡದ್ದನ್ನೇ ಹೇಳುತ್ತೇನೆ.

‘ಸ್ವಾತಿ ಮಳೆ ಬಂದರೆ ಮುತ್ತಿನಂಥ ಜೋಳ’ ಅನ್ನುತ್ತಾರೆ. ಸ್ವಾತಿ ಹುಟ್ಟುವುದು ಅಕ್ಟೋಬರ್ 24ರ ಆಸುಪಾಸು, ಇರುವುದು ಸುಮಾರು 13 ದಿನ. ಅಷ್ಟೊತ್ತಿಗೆ ಹಿಂಗಾರಿ ಬಿಳಿಜೋಳ ಎಳೆಯ ಪೈರು. ಆಮೇಲೆ ಮಳೆಯ ಭರವಸೆ ಇಲ್ಲ. ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆ ಕಟ್ಟಬೇಕು. ಇದು ಎರೆಯವರ ಮಾತು. ಮಂಡ್ಯದ ಗದ್ದೆಗೆ ಹಚ್ಚಲು ಹೋಗಬೇಡಿ.

ಎಳ್ಳಮಾಸೆಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಜ್ಜಿರೊಟ್ಟಿ, ಕಡುಬು ಎಲ್ಲವನ್ನೂ ಪುಡಿಮಾಡಿ, ಕೂಗು ಹಾಕುತ್ತಾ ಬೆಳೆಯ ನಡುವೆ ಎರಚುವುದು. ಆ ಕೂಗಿನ ಮಾತು ಊರೂರಿಗೆ ಬೇರೆ, ಅರ್ಥ ಕೇಳಿದರೆ ನಗುತ್ತಾರೆ. ತಿನ್ನಲು ಬಂದ ಹಕ್ಕಿ ಪಕ್ಕದ ಕಡಲೆಯ ಕೀಡೆಯನ್ನೂ ಹೆಕ್ಕುತ್ತದೆ. ಹಿರಿಯರು ಅದಕ್ಕೇ ಮಾಡಿದ್ದು ಅಂತ ನಾನು ಎದೆ ತಟ್ಟಿ ಹೇಳಲಾರೆ, ಭೂತಾಯಿಗೆ ಉಣಿಸುವುದೇ ಅವರ ಲೆಕ್ಕ. ಆದರೆ ಈಗ ಕೃಷಿ ತಜ್ಞರೂ ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡಿ ಅನ್ನುತ್ತಾರೆ, ಅಲ್ವಾ?

ನನಗೆ ಜಾಸ್ತಿ ನೆನಪಿರುವುದು ಹಂತಿ ಪದ, ಅಂದರೆ ಕಣದಲ್ಲಿ ಎತ್ತಿನಿಂದ ತೆನೆ ತುಳಿಸುವಾಗ ಹೇಳುವ ಹಾಡು. ಸೆಗಣಿ ಸಾರಿಸಿದ ಕಣ, ನಡುವೆ ಮೇಟಿ ಕಂಬ, ಸುತ್ತ ಹರವಿದ ತೆನೆ, ಅದರ ಮೇಲೆ ಸಾಲಾಗಿ ಕಟ್ಟಿದ ಎತ್ತು. ರಾತ್ರಿಯಿಡೀ ತುಳಿಸುವುದು. ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುತ್ತಿದ್ದರು. ನಿದ್ದೆ ಬರಬಾರದು, ಎತ್ತು ನಿಲ್ಲಬಾರದು, ಹಾಡು ಬೇಕಿದ್ದದ್ದು ಅದಕ್ಕೆ. ನನ್ನ ಕೆಲಸ ಒಂದೇ: ಎತ್ತು ಬಾಲ ಎತ್ತಿದ ಕೂಡಲೇ ಪುಟ್ಟಿ ಹಿಡಿದು ಓಡುವುದು, ಸೆಗಣಿ ಕಾಳಿಗೆ ಬೀಳಬಾರದು. ಆ ಸೆಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಕಣಿಕೆ, ಅಂದರೆ ಜೋಳದ ದಂಟು, ಎತ್ತಿಗೆ. ಇದಕ್ಕೆ ಸುಸ್ಥಿರ ಕೃಷಿ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಆಗ ಗೊತ್ತಿದ್ದದ್ದು ನಿದ್ದೆಗೆಟ್ಟ ಕಣ್ಣುರಿ ಮಾತ್ರ.

ಹಾಗಾಗಿ ಆ ಕಾಲ ಮರಳಿ ಬರಲಿ ಅಂತ ನಾನು ಹೇಳುವುದಿಲ್ಲ. ರಾತ್ರಿಗಟ್ಟಲೆ ನಡೆಯುತ್ತಿದ್ದ ರಾಶಿಯನ್ನು ಮಷಿನ್ ಬೇಗ ಮುಗಿಸಿಬಿಡುತ್ತದೆ, ಯಾರು ಬೇಡ ಅಂತಾರೆ?

ಹೋದ ವರ್ಷ ನಮ್ಮ ಮಾವನಿಗೆ ಒಂದು ಹಂತಿ ಪದ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದೆ. ಕುರ್ಚಿಯಲ್ಲಿ ಕೂತು ಎರಡು ಸಾಲು ಹೇಳಿ ತಡವರಿಸಿದರು. ‘ಕೂತ್ರೆ ಬರಂಗಿಲ್ಲೋ’ ಅಂದು ಎದ್ದು, ಅಂಗಳದ ತುಳಸಿಕಟ್ಟೆ ಸುತ್ತ ನಡೆಯಲು ಶುರುಮಾಡಿದರು. ಮೂರನೇ ಸುತ್ತಿಗೆ ಪದ ಬಂತು. ರೆಕಾರ್ಡಿಂಗ್‌ನಲ್ಲಿ ದನಿ ಒಮ್ಮೆ ಹತ್ತಿರ, ಒಮ್ಮೆ ದೂರ.