ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಡುಗಿ ಆಫ್ ಆಗುವ ಹಳೇ ಕಾರು: ಇಂಜೆಕ್ಟರ್ ಬದಲಾಯಿಸಬೇಕಾ?

ಸದ್ಯಕ್ಕೆ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೂ ಬೇಡ, ಪೆಟ್ರೋಲ್ ಪಂಪೂ ಬೇಡ. ದುಡ್ಡು ಜೇಬಲ್ಲೇ ಇರಲಿ.

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. 2004ರ ಮಾರುತಿ 800, ಎಂಪಿಎಫ್‌ಐ ಎಂಜಿನ್, ಅಂದ್ರೆ ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್ ಆಗುತ್ತದೆ, ಓಡುವಾಗ ಏನೂ ತೊಂದರೆ ಇಲ್ಲ, ಸೈಲೆನ್ಸರ್ ಕಡೆಯಿಂದ ಪೆಟ್ರೋಲ್ ವಾಸನೆ, ಮೈಲೇಜ್ ಬಿದ್ದಿದೆ. ಮೆಕ್ಯಾನಿಕ್ ಪಂಪು, ಇಂಜೆಕ್ಟರ್ ಎರಡೂ ಹೋಗಿದೆ ಅಂದಿದ್ದಾರೆ. ಪಂಪ್ ಸೊರಗಿದ್ದರೆ ಗಾಡಿ ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಎಳೆಯದೆ ಕೊಸರಾಡಬೇಕಿತ್ತು, ಪೆಟ್ರೋಲ್ ಜಾಸ್ತಿ ಬೇಕಾಗುವುದು ಅಲ್ಲಿ ಅಲ್ವಾ? ನಿಂತಾಗ ಎಂಜಿನ್‌ಗೆ ಬೇಕಿರುವುದು ತೊಟ್ಟು ತೊಟ್ಟು. ಇಂಜೆಕ್ಟರ್ ಸೋರುತ್ತಿದ್ದರೆ, ಬಿಸಿ ಎಂಜಿನ್ ಆಫ್ ಮಾಡಿ ಟೀ ಕುಡಿದು ಬಂದು ಸ್ಟಾರ್ಟ್ ಮಾಡಲು ಒದ್ದಾಡಬೇಕಿತ್ತು. ನೀವು ಅದನ್ನು ಹೇಳಿಲ್ಲ. ನನಗೆ ಅನಿಸುವುದು, ನಿಮ್ಮ ಗಾಡಿಗೆ ಪೆಟ್ರೋಲ್ ಕಮ್ಮಿ ಆಗಿಲ್ಲ, ಜಾಸ್ತಿ ಆಗಿದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನದೂ ಆ ಕಾಲದ್ದೇ ಒಂದು ಕಾರು. ಹಾಸನದಿಂದ ಬೆಂಗಳೂರಿಗೆ ಬರುವಾಗ ಹೈವೇಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ, ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ಸಿಗ್ನಲ್‌ಗೆ ಬಂದಿದ್ದೇ ತಡ, ನಾಲ್ಕು ಸಲ ಆಫ್ ಆಯಿತು, ಹಿಂದಿದ್ದ ಲಾರಿಯವನ ಬಾಯಲ್ಲಿ ನನ್ನ ವಂಶವೆಲ್ಲ ಬಂದು ಹೋಯಿತು. ಗ್ಯಾರೇಜಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಗಾಳಿ ಒಳಗೆ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಆರು ಸಾವಿರ ಆಯಿತು, ಒಂದು ವಾರ ಸ್ವಲ್ಪ ಪರವಾಗಿಲ್ಲ ಅನಿಸಿತು, ಆಮೇಲೆ ಅದೇ ಕಥೆ. ಒಂದು ಭಾನುವಾರ ಸುಮ್ನೆ ಬಾನೆಟ್ ತೆಗೆದು ಒರೆಸುತ್ತಿದ್ದಾಗ ಪೆನ್ಸಿಲ್ ದಪ್ಪದ ಒಂದು ರಬ್ಬರ್ ಪೈಪ್ ಕೈಗೆ ತಾಗಿತು. ಬಗ್ಗಿಸಿದೆ, ಬಾಯಿ ಬಿಟ್ಟಿತು. ಅದು ಮ್ಯಾಪ್ ಸೆನ್ಸರ್‌ಗೆ ಹೋಗುವ ಪೈಪ್.

ಈ ಸೆನ್ಸರ್ ಮಾಡುವುದು ಇಷ್ಟು. ಥ್ರಾಟಲ್ ಮುಚ್ಚಿದ್ದಾಗ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗೆ ಗಾಳಿಯ ಒತ್ತಡ ಬಹಳ ಕಡಿಮೆ, ಪೂರ್ತಿ ತುಳಿದಾಗ ಹೆಚ್ಚುಕಮ್ಮಿ ಹೊರಗಿನಷ್ಟೇ. ಸೆನ್ಸರ್ ಆ ಒತ್ತಡ ಅಳೆದು ಇಸಿಯುಗೆ, ಅಂದ್ರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳುತ್ತದೆ, ಅದನ್ನು ನೋಡಿಕೊಂಡು ಇಸಿಯು ಪೆಟ್ರೋಲ್ ಬಿಡುತ್ತದೆ. ಪೈಪ್ ಸೀಳಿ ಹೊರಗಿನ ಗಾಳಿ ಒಳಗೆ ಬಂದರೆ ಸೆನ್ಸರ್‌ಗೆ ಒತ್ತಡ ಜಾಸ್ತಿ ಕಾಣುತ್ತದೆ. ಇಸಿಯು ನೀವು ಆಕ್ಸಿಲರೇಟರ್ ತುಳಿದಿದ್ದೀರಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ನಿಂತಾಗ ಈ ತಪ್ಪು ದೊಡ್ಡದು, ಓಡುವಾಗ ಚಿಕ್ಕದು. ಬೆಳಿಗ್ಗೆ ತಣ್ಣಗಿರುವ ಎಂಜಿನ್‌ಗೆ ಹೇಗೂ ಪೆಟ್ರೋಲ್ ಜಾಸ್ತಿ ಬೇಕು, ಹಾಗಾಗಿ ಆಗ ಗೊತ್ತೇ ಆಗುವುದಿಲ್ಲ. ಬಿಸಿಯಾದ ಮೇಲೆ ಗಂಟಲು ಕಟ್ಟುತ್ತದೆ. ಅದರಲ್ಲೂ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಒಂದು ಸಿಲಿಂಡರ್ ಉರಿಯದೆ ಮಿಸ್ಸಿಂಗ್ ಹೊಡೆದರೆ ಸೀಟೆಲ್ಲ ಅಲ್ಲಾಡುತ್ತದೆ.

ಮೊದಲು ಪೆಟ್ರೋಲ್ ವಾಸನೆ ಬಾನೆಟ್ ಒಳಗಿಂದಲೂ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಎಲ್ಲೋ ಲೀಕ್ ಇದೆ, ಬೆಂಕಿಯ ವಿಷಯ, ಗಾಡಿ ಸ್ಟಾರ್ಟೇ ಮಾಡಬೇಡಿ. ಇಲ್ಲ ಅಂದ್ರೆ ಎಂಜಿನ್ ತಣ್ಣಗಾದ ಮೇಲೆ ಮೂರೂ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣ ಇದ್ದರೆ ಸರಿಯಾಗಿ ಉರಿಯುತ್ತಿದೆ. ಮೂರೂ ಮಸಿ ಹಿಡಿದಂತೆ ಒಣ ಕಪ್ಪಾಗಿದ್ದರೆ ನನ್ನ ಊಹೆ ಸರಿ, ಆ ಪೈಪನ್ನು ಎರಡೂ ತುದಿಯಿಂದ ಬಿಚ್ಚಿ ನೋಡಿ. ಸೀಳು ಸಾಮಾನ್ಯವಾಗಿ ಕೂರುವ ತುದಿಯಲ್ಲೇ ಇರುತ್ತದೆ, ಬಿಚ್ಚದೆ ಕಾಣುವುದಿಲ್ಲ. ಹೊಸದು ಹಾಕುವಾಗ ವ್ಯಾಕ್ಯೂಮ್ ಹೋಸ್ ಅಂತಲೇ ಕೇಳಿ ತನ್ನಿ, ಬೆಂಗಳೂರಾದರೆ ಜೆಸಿ ರೋಡಿನಲ್ಲಿ ಸಿಗುತ್ತದೆ. ಮೀನಿನ ತೊಟ್ಟಿಯ ಪೈಪ್ ಹಾಕಿದವರನ್ನೂ ನೋಡಿದ್ದೇನೆ. ಅದು ಬಿಸಿಗೆ ಮೆತ್ತಗಾಗಿ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ.

ಪೈಪ್ ಚೆನ್ನಾಗಿದ್ದೂ ಪ್ಲಗ್ ಕಪ್ಪಾಗಿದ್ದರೆ ಮುಂದಿನ ಅನುಮಾನ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಮೇಲೆ. ಎಂಜಿನ್ ಕಾದಿದ್ದರೂ ತಣ್ಣಗಿದೆ ಅಂತ ಅದು ಸುಳ್ಳು ಹೇಳುತ್ತಿರಬಹುದು. ಕನೆಕ್ಟರ್ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ತಣ್ಣಗಿರುವಾಗ 2ರಿಂದ 3 ಕಿಲೋ ಓಮ್, ಚೆನ್ನಾಗಿ ಬಿಸಿಯಾದಾಗ 300 ಓಮ್ ಆಸುಪಾಸು ತೋರಿಸಬೇಕು. ಇಳಿಯದೆ ಅಲ್ಲೇ ಕೂತಿದ್ದರೆ ಕಳ್ಳ ಸಿಕ್ಕಂತೆ.

ಒಂದೇ ಪ್ಲಗ್ ಕಪ್ಪಾಗಿದ್ದರೆ ಕಥೆ ಬೇರೆ, ಆ ಸಿಲಿಂಡರಿನ ಕಿಡಿ ಸರಿ ಇಲ್ಲದಿರಬಹುದು. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ಬಾನೆಟ್ ತೆಗೆದು, ಕೈ ತಾಗಿಸದೆ ನೋಡಿ, ವೈರ್ ಸೀಳಿದ್ದರೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಪ್ಲಗ್‌ಗಳು ಬೆಳ್ಳಗಿದ್ದರೆ ಎಲ್ಲೋ ಗಾಳಿ ಹೀರುತ್ತಿದೆ ಅಂತ ಹುಡುಕಬೇಕು, ಬ್ರೇಕ್ ಹಗುರ ಮಾಡುವ ಬ್ರೇಕ್ ಬೂಸ್ಟರಿನ ದಪ್ಪ ಪೈಪಿನಿಂದ ಶುರು ಮಾಡಿ.

ಅಂದಹಾಗೆ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಇಷ್ಟು ದಿನ ಪೆಟ್ರೋಲ್ ಸುರಿದಿದ್ದರೆ ಒಂದಿಷ್ಟು ಇಳಿದು ಆಯಿಲ್‌ಗೆ ಬೆರೆತಿರುತ್ತದೆ. ವಾಸನೆ ಬಂದರೆ ರಿಪೇರಿ ಆದ ಮೇಲೆ ಆಯಿಲ್ ಬದಲಾಯಿಸಿ, ಮುಂಚೆ ಅಲ್ಲ. ಅಲ್ಲಿಯವರೆಗೆ ಈ ಗಾಡಿಯಲ್ಲಿ ಘಾಟಿ ಇಳಿಯಲು ಹೋಗಬೇಡಿ. ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರಿನ ನೆರವು ತಪ್ಪಿ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಪ್ಲಗ್ ಬಿಚ್ಚಿ ಬಣ್ಣ ಏನು ಅಂತ ಇಲ್ಲೇ ಬರೆಯಿರಿ, ಮುಂದಿನದು ಆಮೇಲೆ ನೋಡೋಣ.